ಧ್ವನಿಸುರುಳಿಯಿಂದ ಕಂಪ್ಯೂಟರಿಗೆ

ಹಳೆಯ ಮನೆಗಳ ಕಪಾಟಿನಲ್ಲೋ ಅಟ್ಟದ ಮೇಲಿನ ಟ್ರಂಕಿನಲ್ಲೋ ಇಂದಿಗೂ ಹತ್ತಿಪ್ಪತ್ತು ಕ್ಯಾಸೆಟ್ಟುಗಳು ಸಿಗುತ್ತವೆ. ಅವುಗಳಲ್ಲಿ ಎರಡು ಜಾತಿ. ಅಂಗಡಿಯಲ್ಲಿ ಹಣ ಕೊಟ್ಟು ತಂದ ಸಿನಿಮಾ ಹಾಡು, ಭಕ್ತಿಗೀತೆಗಳದು ಒಂದು. ಖಾಲಿ ಕ್ಯಾಸೆಟ್ ತಂದು ಮನೆಯವರೇ ತುಂಬಿಸಿದ್ದು ಇನ್ನೊಂದು: ಅಜ್ಜಿಯ ಸೋಬಾನೆ ಪದ, ಮಗುವಿನ ತೊದಲು ಮಾತು, ದೂರದೇಶದಿಂದ ಮಗ ಕಾಗದದ ಬದಲು ಮಾತಾಡಿ ಕಳಿಸಿದ ಕ್ಷೇಮಸಮಾಚಾರ, ದೇವಸ್ಥಾನದ ಅಂಗಳದಲ್ಲಿ ನಡೆದ ತಾಳಮದ್ದಳೆ. ಮೊದಲನೆಯದು ಕಳೆದುಹೋದರೆ ಬೇರೆಲ್ಲಾದರೂ ಸಿಕ್ಕೀತು. ಎರಡನೆಯದು ಪ್ರಪಂಚದಲ್ಲಿ ಇರುವುದೇ ಒಂದು. ಕ್ಯಾಸೆಟ್ಟಿನ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಲು ಹೊರಟವರು ಮೊದಲು ಕೈಹಾಕಬೇಕಾದದ್ದು ಈ ಎರಡನೆಯ ಜಾತಿಗೆ.

ಕ್ಯಾಸೆಟ್ಟನ್ನು ಹಾಲೆಂಡಿನ ಫಿಲಿಪ್ಸ್ ಕಂಪೆನಿ 1963ರಲ್ಲಿ ಬರ್ಲಿನ್ ನಗರದ ರೇಡಿಯೊ ಪ್ರದರ್ಶನದಲ್ಲಿ ಜನರ ಮುಂದಿಟ್ಟಿತು. ಲೂ ಒಟ್ಟೆನ್ಸ್ ಎಂಬ ಎಂಜಿನಿಯರ್ ಮತ್ತು ಅವರ ತಂಡದ ಕೆಲಸ ಅದು. ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಸುರುಳಿ, ಸೆಕೆಂಡಿಗೆ 4.76 ಸೆಂಟಿಮೀಟರ್ ಓಟ. ಕನ್ನಡದಲ್ಲಿ 1978ರ ‘ನಿತ್ಯೋತ್ಸವ’ದಿಂದ ಆರಂಭಿಸಿ ಭಾವಗೀತೆಯನ್ನು ಮನೆಮನೆಗೆ ಒಯ್ದದ್ದು ಈ ಪುಟ್ಟ ಪೆಟ್ಟಿಗೆಯೇ. ಆದರೆ ಅದರ ದೊಡ್ಡ ಗುಣ ಬೇರೆ. ಗ್ರಾಮಫೋನ್ ತಟ್ಟೆ ಹಾಡುತ್ತಿತ್ತು, ಅಷ್ಟೇ. ಕ್ಯಾಸೆಟ್ಟಿಗೆ ಕಿವಿಯೂ ಇತ್ತು. ಗುಂಡಿ ಒತ್ತಿದವರೆಲ್ಲ ಧ್ವನಿ ಮುದ್ರಿಸಬಲ್ಲವರಾದರು.

ಇದರ ಬೆಲೆ ತಿಳಿಯಬೇಕಾದರೆ ಕರಾವಳಿ, ಮಲೆನಾಡುಗಳ ತಾಳಮದ್ದಳೆಯನ್ನು ನೋಡಬೇಕು. ಭಾಗವತರು ಹಾಡುವ ಪದ್ಯ ಪ್ರಸಂಗದ ಪುಸ್ತಕದಲ್ಲಿದೆ. ಅರ್ಥಧಾರಿಯ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಅದು ಆ ಕ್ಷಣದಲ್ಲಿ, ಎದುರಾಳಿಯ ಮಾತಿಗೆ ಉತ್ತರವಾಗಿ ಹುಟ್ಟುವಂಥದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಒಂದೇ ಪಾತ್ರದ ಅರ್ಥವನ್ನು ಎರಡು ರಾತ್ರಿ ಹೇಳಿದರೂ ಎರಡನೆಯದು ಮೊದಲನೆಯದರ ನಕಲಾಗುತ್ತಿರಲಿಲ್ಲ. ಹಾಗಾಗಿ ಒಂದು ರಾತ್ರಿಯ ವಾದ ಇಂದು ಉಳಿದಿದೆಯಾದರೆ, ಬಹುಮಟ್ಟಿಗೆ ಅದು ಮುಂದಿನ ಸಾಲಿನಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಕುಳಿತ ಯಾರೋ ಅಭಿಮಾನಿಯ ಪುಣ್ಯ.

ಈ ಸುರುಳಿಗೆ ಆಯುಸ್ಸು ಉಂಟು. ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಲೋಹದ ಆಕ್ಸೈಡಿನ ಪುಡಿಯನ್ನು ಅಂಟಿನಿಂದ ಹಿಡಿಸಿರುತ್ತಾರೆ. ಧ್ವನಿಯೆಂದರೆ ಆ ಪುಡಿಯಲ್ಲಿ ಮೂಡಿದ ಕಾಂತತ್ವದ ಗುರುತು. ಮಳೆಗಾಲದ ತೇವಕ್ಕೆ ಅಂಟು ಸಡಿಲವಾಗುತ್ತದೆ, ಬಿಳಿಯ ಬೂಷ್ಟು ಹತ್ತುತ್ತದೆ. ವರ್ಷಗಟ್ಟಲೆ ಸುತ್ತಿಟ್ಟ ಸುರುಳಿಯಲ್ಲಿ ಒಂದು ಸುತ್ತಿನ ಧ್ವನಿ ಪಕ್ಕದ ಸುತ್ತಿಗೆ ಅಚ್ಚಾಗಿ, ಮಾತಿಗೆ ಮುಂಚೆಯೇ ಅದರ ನೆರಳು ಕೇಳಿಸುವುದೂ ಉಂಟು. ಇದಕ್ಕಿಂತ ದೊಡ್ಡ ಅಪಾಯ ನುಡಿಸುವ ಯಂತ್ರದ್ದು. ಸುರುಳಿ ಉಳಿದರೂ ಅದನ್ನು ನುಡಿಸಲು ಸರಿಯಾದ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲವರು ಇಲ್ಲವಾಗುತ್ತಿದ್ದಾರೆ. ಕಾಂತಸುರುಳಿಗಳಲ್ಲಿರುವುದನ್ನು ವರ್ಗಾಯಿಸಲು ಉಳಿದಿರುವ ಕಾಲ ಬಹಳ ಕಡಿಮೆ ಎಂದು ಯುನೆಸ್ಕೊ ಮತ್ತು ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ 2019ರಲ್ಲಿಯೇ ಎಚ್ಚರಿಸಿದವು.

ಆದ್ದರಿಂದ ಕಂಪ್ಯೂಟರಿಗಿಂತ ಮೊದಲು ಗಮನ ಕೊಡಬೇಕಾದದ್ದು ಟೇಪ್‌ರೆಕಾರ್ಡರಿಗೆ. ಅದರ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಕಂದುಬಣ್ಣ ಹೋಗುವವರೆಗೆ ಒರೆಸಬೇಕು. ಸುರುಳಿಯನ್ನು ಎಳೆಯುವ ರಬ್ಬರಿನ ಉರುಳೆ ಗಟ್ಟಿಯಾಗಿದ್ದರೆ ಬದಲಾಯಿಸಬೇಕು. ಇಲ್ಲವಾದರೆ ಅದು ಸುರುಳಿಯನ್ನೇ ನುಂಗೀತು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೆಯೇ ಹಾಕಿದರೆ ಅದರ ಕಣಗಳು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತವೆ. ಇನ್ನೊಂದು ಸೂಕ್ಷ್ಮವಿದೆ. ಅಂದು ಮುದ್ರಿಸಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ಓರೆಯಾಗಿದ್ದರೆ ಇಂದು ನುಡಿಸುವ ಹೆಡ್ಡೂ ಅಷ್ಟೇ ಓರೆಯಾಗಿರಬೇಕು. ಇಲ್ಲದಿದ್ದರೆ ಧ್ವನಿ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಮೆಲ್ಲಗೆ ತಿರುಗಿಸುತ್ತ, ಸಕಾರ ಶಕಾರಗಳು ಸ್ಪಷ್ಟವಾಗಿ ಕೇಳುವಲ್ಲಿಗೆ ನಿಲ್ಲಿಸಬೇಕು. ಇಲ್ಲಿ ಕಳೆದದ್ದನ್ನು ಕಂಪ್ಯೂಟರ್ ಮುಂದೆ ತಂದುಕೊಡಲಾರದು.

ಉಳಿದ ಕೆಲಸ ಸರಳ. ಟೇಪ್‌ರೆಕಾರ್ಡರಿನ ‘ಲೈನ್ ಔಟ್’ ಕಿಂಡಿಯಿಂದ ಕಂಪ್ಯೂಟರಿನ ‘ಲೈನ್ ಇನ್’ಗೆ ಒಂದು ತಂತಿ. ಮೈಕಿನ ಕಿಂಡಿ ಇದಕ್ಕೆ ಸಲ್ಲದು. ಅಲ್ಲಿ ಧ್ವನಿ ಒಡೆಯುತ್ತದೆ. ಲೈನ್ ಇನ್ ಇಲ್ಲದ ಲ್ಯಾಪ್‌ಟಾಪಿಗೆ ಯುಎಸ್‌ಬಿ ಮೂಲಕ ಧ್ವನಿ ಪಡೆಯುವ ಚಿಕ್ಕ ಪೆಟ್ಟಿಗೆಯೊಂದು ಬೇಕು. ‘ಆಡಾಸಿಟಿ’ಯಂಥ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಸೂಚಿ ಶೂನ್ಯವನ್ನು ಮುಟ್ಟದೆ, ಆರು ಡೆಸಿಬೆಲ್ ಕೆಳಗೆ ಇರುವಂತೆ ನೋಡಿಕೊಳ್ಳಬೇಕು. ಟೇಪು ಮಿತಿಮೀರಿದ ದನಿಯನ್ನು ಒಂದಿಷ್ಟು ಸಹಿಸುತ್ತಿತ್ತು. ಅಂಕಿಗಳ ಲೋಕದಲ್ಲಿ ಶೂನ್ಯದಾಚೆಯದು ಕತ್ತರಿಸಿಹೋಗುತ್ತದೆ. ಧ್ವನಿಯನ್ನು ಸೆಕೆಂಡಿಗೆ 48,000 ಬಾರಿ, ಒಂದೊಂದು ಬಾರಿಯೂ 24 ಬಿಟ್ ನಿಖರತೆಯಲ್ಲಿ ಅಳೆದು, ‘ವೇವ್’ ಕಡತವಾಗಿ ಉಳಿಸುವುದು ಲೇಸು. ಒಂದು ಗಂಟೆಗೆ ಸುಮಾರು ಒಂದು ಗಿಗಾಬೈಟ್ ಜಾಗ ಸಾಕು. ‘ಎಂಪಿ3’ ಧ್ವನಿಯ ಒಂದಷ್ಟು ಭಾಗವನ್ನು ಬಿಟ್ಟುಬಿಡುತ್ತದೆ. ನೆಂಟರಿಷ್ಟರಿಗೆ ಕಳಿಸಲು ಅದು ಸರಿ, ಮೂಲಪ್ರತಿಗೆ ಅಲ್ಲ. ಅವಸರಕ್ಕೆ ದಾರಿಯಿಲ್ಲ: ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಕೂರಲೇಬೇಕು.

ಕಡತ ಸಿದ್ಧವಾದ ಮೇಲೆ ‘ಸ್ಸ್’ ಎಂಬ ಗದ್ದಲವನ್ನು ತೆಗೆಯುವ ಆಸೆ ಹುಟ್ಟುತ್ತದೆ. ಅದನ್ನು ನಕಲಿನ ಮೇಲೆ ಮಾಡಬೇಕು, ಮೂಲವನ್ನು ಮುಟ್ಟಬಾರದು. ಕೆಲವು ದೋಷಗಳೂ ಸಾಕ್ಷಿ ಹೇಳುತ್ತವೆ. ಒಂದೇ ಬದಿಯಲ್ಲಿ ಶ್ರುತಿಪೆಟ್ಟಿಗೆಯ ಸ್ವರ ಬರಬರುತ್ತ ಏರುತ್ತಿದ್ದರೆ, ಅಂದು ಟೇಪ್‌ರೆಕಾರ್ಡರಿನ ಬ್ಯಾಟರಿ ಸೋಲುತ್ತಿತ್ತೆಂದು ಅರ್ಥ. ನಿಧಾನ ಓಡುವ ಯಂತ್ರದಲ್ಲಿ ಮುದ್ರಣಗೊಂಡದ್ದು ಸರಿಯಾದ ವೇಗದಲ್ಲಿ ನುಡಿಸಿದಾಗ ಎತ್ತರದ ದನಿಯಲ್ಲಿ ಕೇಳುತ್ತದೆ. ಆ ಶ್ರುತಿಯನ್ನೇ ಅಳತೆಗೋಲಾಗಿ ಹಿಡಿದು ವೇಗವನ್ನು ತಿದ್ದಲು ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಕೆಲಸ ಅರ್ಧವೇ. ‘ತಾಳಮದ್ದಳೆ, ಎ ಸೈಡ್’ ಎಂದಷ್ಟೇ ಬರೆದ ಕ್ಯಾಸೆಟ್ಟಿನಲ್ಲಿ ಮಾತನಾಡುತ್ತಿರುವ ಕರ್ಣ ಯಾರು, ಕೃಷ್ಣ ಯಾರು, ಮದ್ದಳೆ ಯಾರದು ಎಂಬುದನ್ನು ಯಾವ ತಂತ್ರಾಂಶವೂ ನಂಬುವಂತೆ ಹೇಳಲಾರದು. ಸೋಬಾನೆ ಹಾಡುವಾಗ ಅಜ್ಜಿಗೆ ದನಿಗೂಡಿಸಿದವರು ಯಾರೆಂಬುದೂ ಹಾಗೆಯೇ. ದನಿ ಕೇಳಿದೊಡನೆ ‘ಇದು ಇಂಥವರು’ ಎನ್ನಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು. ಹೆಸರು, ಊರು, ವರ್ಷ, ಸಂದರ್ಭವನ್ನು ಕಡತದ ಜೊತೆಗೇ ಬರೆದಿಡಬೇಕು. ಆಮೇಲೆ ಮೂರು ಪ್ರತಿ ಮಾಡಿ, ಒಂದನ್ನಾದರೂ ಬೇರೆ ಊರಿನವರ ಕೈಯಲ್ಲಿಡಬೇಕು. ಮೂಲ ಕ್ಯಾಸೆಟ್ಟನ್ನು ಎಸೆಯಬಾರದು.

ಸುರುಳಿ ಇನ್ನೂ ಕೆಲವು ವರ್ಷ ಕಾದೀತು. ಆ ದನಿಗಳ ಗುರುತು ಹೇಳುವವರು ಅಷ್ಟು ಕಾಲ ಕಾಯುವರೆಂದು ಹೇಳಲಾಗದು. ಆದ್ದರಿಂದ ಕೆಲಸ ಅವರ ಮನೆಯಿಂದಲೇ ಶುರುವಾಗಲಿ.