ಮನೆಯ ಹಾಡಿನ ಪೆಟ್ಟಿಗೆಯೂ ಶಾಖದ ಲೆಕ್ಕವೂ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಾರ್ಯದರ್ಶಿಗಳು ನನ್ನನ್ನು ಕರೆದು, “ನಮ್ಮವರು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹಣದಲ್ಲಿ ಆಂಪ್ಲಿಫೈಯರ್ ಕೊಳ್ಳುತ್ತಾರೆ, ಒಂದು ಬೇಸಗೆ ಕಳೆಯುವುದರೊಳಗೆ ಅದು ಸುಟ್ಟು ಕೂರುತ್ತದೆ. ರಿಪೇರಿ ಮಾಡುವವರು ನೀವು, ಕಾರಣ ಹೇಳಿ” ಎಂದರು. ನಾನು ಭಾಷಣಕಾರನಲ್ಲ, ಬೆಸುಗೆ ಹಾಕುವವನು. ಆದರೆ ಈ ವಿಷಯದಲ್ಲಿ ಪೆಟ್ಟು ತಿಂದವನು. ಅಲ್ಲಿಂದಲೇ ಆರಂಭಿಸುತ್ತೇನೆ.

ನಾನು ಮೊದಲು ಕೊಂಡ ಆಂಪ್ಲಿಫೈಯರಿನ ಡಬ್ಬದ ಮೇಲೆ 1000 ವಾಟ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಎರಡು ತಿಂಗಳ ಉಳಿತಾಯ ಅದಕ್ಕೆ ಹೋಯಿತು. ಅದನ್ನು ಗೋಡೆಯ ಗೂಡಿನಲ್ಲಿಟ್ಟೆ. ಧೂಳು ಕೂರದಿರಲೆಂದು ಮನೆಯಾಕೆ ಕಸೂತಿಯ ಬಟ್ಟೆ ಹೊದಿಸಿದಳು. ಮೇ ತಿಂಗಳ ಒಂದು ರಾತ್ರಿ ಹಾಡು ನಡೆಯುತ್ತಿದ್ದಂತೆಯೇ ಸುಟ್ಟ ವಾಸನೆ ಬಂತು. ಟ್ರಾನ್ಸಿಸ್ಟರ್ ಹೋಯಿತು, ಹೋಗುವಾಗ ಸ್ಪೀಕರಿನ ಕಾಯಿಲನ್ನೂ ಜೊತೆಗೆ ಒಯ್ದಿತು. ಮಕ್ಕಳು ಮಲಗುತ್ತಿದ್ದುದು ಅದರ ಬುಡದಲ್ಲೇ. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮುಚ್ಚಳ ಬಿಚ್ಚಿ ನೋಡಿದ ಮೇಲೆ ತಿಳಿಯಿತು: ತಪ್ಪು ಮಾರಿದವನದು ಅರ್ಧ, ನನ್ನದು ಅರ್ಧ. ಅವನು ಬರೆದ ಸಂಖ್ಯೆಯನ್ನು ನಾನು ನಂಬಿದೆ. ಯಂತ್ರಕ್ಕೆ ಗಾಳಿಯಿಲ್ಲದಂತೆ ಮಾಡಿದೆ.

ಈ ಶಾಖ ಎಲ್ಲಿಂದ ಬರುತ್ತದೆ? ಆಂಪ್ಲಿಫೈಯರ್ ಪ್ಲಗ್ಗಿನಿಂದ ವಿದ್ಯುತ್ತನ್ನು ಪಡೆದು ಒಂದು ಪಾಲನ್ನು ಸ್ಪೀಕರಿಗೆ ಕೊಡುತ್ತದೆ. ಉಳಿದದ್ದೆಲ್ಲ ಅದರ ಹೊಟ್ಟೆಯಲ್ಲೇ ಶಾಖವಾಗುತ್ತದೆ. ಇದರಲ್ಲಿ ಮುಖ್ಯವಾಗಿ ಮೂರು ಜಾತಿ. ‘ಕ್ಲಾಸ್ ಎ’ ಎಂಬುದು ಗಿರಾಕಿ ಇಲ್ಲದಾಗಲೂ ಉರಿಯುತ್ತಲೇ ಇರುವ ಒಲೆ. ಹಾಡಿರಲಿ ಬಿಡಲಿ, ಕುದಿಯುತ್ತದೆ. ಅದರ ನಾದವನ್ನು ಮೆಚ್ಚುವವರುಂಟು. ನಮ್ಮ ಊರಿನ ಸಣ್ಣ ಕೋಣೆಗೆ ಅದು ಹೇಳಿದ್ದಲ್ಲ. ‘ಕ್ಲಾಸ್ ಎಬಿ’ ಮನೆಗಳಲ್ಲಿ ಬಹುಕಾಲದಿಂದ ಇರುವಂಥದು. ಇದರ ಒಂದು ಗುಟ್ಟನ್ನು ನೆನಪಿಡಿ: ಇದು ಅತಿ ಹೆಚ್ಚು ಬಿಸಿಯಾಗುವುದು ಪೂರ್ತಿ ಶಬ್ದದಲ್ಲಲ್ಲ, ಪೂರ್ಣ ಶಕ್ತಿಯ ನೂರಕ್ಕೆ ಸುಮಾರು 40 ಪಾಲಿನಲ್ಲಿ. “ನಾನು ಜೋರಾಗಿ ಹಾಕಲೇ ಇಲ್ಲವಲ್ಲ” ಎಂದು ಬಂದು ಹೇಳುವವರಿಗೆ ಇದೇ ಉತ್ತರ. ಮೂರನೆಯದು ‘ಕ್ಲಾಸ್ ಡಿ’. ಇದರ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಾಂತರ ಸಲ ಸ್ವಿಚ್ಚಿನಂತೆ ತೆರೆದು ಮುಚ್ಚುತ್ತವೆ. ಚೆನ್ನಾಗಿ ದುಡಿಯುವಾಗ ತೆಗೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ 90ರಷ್ಟನ್ನು ಸ್ಪೀಕರಿಗೆ ತಲುಪಿಸುತ್ತದೆ, ಆದ್ದರಿಂದ ತಣ್ಣಗಿರುತ್ತದೆ.

ಹುಟ್ಟಿದ ಶಾಖ ಹೊರಗೆ ಹೋಗಬೇಕು. ಕಾಫಿ ಬೇಗ ಆರಲೆಂದು ಲೋಟದಿಂದ ದಬರಿಗೆ ಏಕೆ ಸುರಿಯುತ್ತೇವೆ? ಹರಡಿದಷ್ಟೂ ಗಾಳಿ ತಾಗುತ್ತದೆ. ಆಂಪ್ಲಿಫೈಯರಿನ ಅಲ್ಯೂಮಿನಿಯಂ ರೆಕ್ಕೆಗಳ ಕೆಲಸವೂ ಅದೇ. ಅದಕ್ಕೆ ಹೀಟ್ ಸಿಂಕ್ ಎನ್ನುತ್ತಾರೆ. ಗಿರಣಿಯ ಹಿರಿಯರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಮೋಟಾರಿನ ಮೈಮೇಲಿನ ರೆಕ್ಕೆಗಳ ನಡುವೆ ಹತ್ತಿಯ ಎಳೆ ತುಂಬಿಕೊಂಡರೆ ಮೋಟಾರ್ ಏನಾಗುತ್ತದೆಂದು ಅವರು ಕಣ್ಣಾರೆ ಕಂಡವರು.

ಈಗ ಒಂದು ಸಣ್ಣ ಲೆಕ್ಕ. ಒಳ್ಳೆಯ ಹೀಟ್ ಸಿಂಕ್ ಒಂದು ವಾಟ್ ಶಾಖಕ್ಕೆ 1 ಡಿಗ್ರಿ ಏರುತ್ತದೆನ್ನೋಣ. 30 ವಾಟ್ ಶಾಖ ಹುಟ್ಟಿದರೆ, ಕೋಣೆಯ ಬಿಸಿಗಿಂತ 30 ಡಿಗ್ರಿ ಮೇಲೆ. 25 ಡಿಗ್ರಿಯ ತಂಪು ಕೋಣೆಯಲ್ಲಿ ಅದು 55. ಚೆನ್ನೈಯ ಮೇ ತಿಂಗಳ 40 ಡಿಗ್ರಿಯಲ್ಲಿ 70. ಇಷ್ಟಾದರೆ ಚಿಂತೆಯಿಲ್ಲ. ಆದರೆ ಲೋಹದಲ್ಲಿ ಜಿಪುಣತನ ಮಾಡಿದ ಯಂತ್ರದಲ್ಲಿ ಒಂದು ವಾಟಿಗೆ 3 ಡಿಗ್ರಿ ಏರಿದರೆ? 40ಕ್ಕೆ 90 ಕೂಡಿಸಿ, 130 ಆಯಿತು. ಟ್ರಾನ್ಸಿಸ್ಟರಿನ ಒಳಗಿನ ಸಿಲಿಕಾನ್ ಇನ್ನೂ ಹೆಚ್ಚು ಬಿಸಿ. ಅನೇಕ ಟ್ರಾನ್ಸಿಸ್ಟರುಗಳ ಮಿತಿ 150. ಅದರ ಮೇಲೆ ಗೂಡು, ಅದರ ಮೇಲೆ ಕಸೂತಿಯ ಬಟ್ಟೆ! 2003ರ ಮೇ 31ರಂದು ಚೆನ್ನೈಯಲ್ಲಿ 45 ಡಿಗ್ರಿ ದಾಖಲಾಯಿತು. ನಮ್ಮ ಊರಿನಲ್ಲಿ ಯಂತ್ರವನ್ನು ಅಗ್ನಿನಕ್ಷತ್ರದ ಲೆಕ್ಕದಲ್ಲಿ ಆರಿಸಬೇಕು, ಮಾರ್ಗಶಿರದ ಲೆಕ್ಕದಲ್ಲಲ್ಲ. ಒಳಗಿನ ಕೆಪಾಸಿಟರುಗಳ ಮಾತು ಬೇರೆ: 10 ಡಿಗ್ರಿ ಹೆಚ್ಚಿದರೆ ಅವುಗಳ ಆಯುಷ್ಯ ಸುಮಾರಾಗಿ ಅರ್ಧಕ್ಕಿಳಿಯುತ್ತದೆ.

ಇನ್ನು ಕೊಳ್ಳುವ ವಿಚಾರ. ನಮ್ಮವರು ಹೆಚ್ಚಾಗಿ ಹೋಗುವುದು ಅಣ್ಣಾ ಸಾಲೈ ಪಕ್ಕದ ರಿಚ್ಚಿ ಸ್ಟ್ರೀಟಿಗೆ. ಅಲ್ಲಿ ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು. ಕೇಳುವ ಬಾಯಿ ನಮಗಿರಬೇಕು. ಡಬ್ಬದ ಮೇಲೆ ‘ಪಿಎಂಪಿಓ’ ಎಂದಿದ್ದರೆ ಆ ಸಂಖ್ಯೆಯನ್ನು ಮರೆತುಬಿಡಿ. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. “ಆರ್‌ಎಂಎಸ್ ಎಷ್ಟು? ಎಷ್ಟು ಓಮ್‌ಗೆ?” ಎಂದು ಕೇಳಿ. ಬಳಿಕ ಯಂತ್ರದ ಬೆನ್ನು ತಿರುಗಿಸಿ, ಅದು ಎಷ್ಟು ವಾಟ್ ವಿದ್ಯುತ್ ಎಳೆಯುತ್ತದೆಂದು ಓದಿ. ಒಳ್ಳೆಯ ತಯಾರಕರೂ ಅಲ್ಲಿ ಸಾಧಾರಣ ಬಳಕೆಯ ಲೆಕ್ಕವನ್ನಷ್ಟೇ ಬರೆಯುವುದುಂಟು. ಆದರೆ ಬೆನ್ನಿನಲ್ಲಿ 60, ಡಬ್ಬದಲ್ಲಿ 1000 ಎಂದಿದ್ದರೆ? ಗಲ್ಲಾಕ್ಕೆ ಅರುವತ್ತು ರೂಪಾಯಿ ಬಂದ ದಿನ ಸಾವಿರ ಖರ್ಚಾಯಿತೆಂದು ಬರೆದರೆ ಯಾವ ಮಾಲೀಕ ಒಪ್ಪುತ್ತಾನೆ?

ನಮಗೆ ಬೇಕಾದದ್ದಾದರೂ ಎಷ್ಟು? ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸ್ಪೀಕರ್ ಇದ್ದರೆ, ಹತ್ತು ವಾಟಿಗೇ 97 ಆಗುತ್ತದೆ. ಪಕ್ಕದ ಮನೆಯವರು ಬಾಗಿಲು ತಟ್ಟುವಷ್ಟು ಶಬ್ದ ಅದು. ವಾಟ್ ಎರಡು ಪಟ್ಟಾದರೆ ಏರುವುದು ಮೂರೇ ಡೆಸಿಬೆಲ್. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಆದ್ದರಿಂದ ಹತ್ತಡಿ ಹನ್ನೆರಡಡಿಯ ಕೋಣೆಗೆ, ಬದಿಗೆ 15ರಿಂದ 25 ನಿಜವಾದ ವಾಟ್ ಧಾರಾಳ. ಉಳಿದ ಹಣವನ್ನು ಒಳ್ಳೆಯ ಸ್ಪೀಕರಿಗೆ ಹಾಕಿ.

ಇನ್ನೊಂದು ಎಚ್ಚರ. ಎರಡು 8 ಓಮ್ ಸ್ಪೀಕರುಗಳನ್ನು ಒಂದೇ ಬದಿಗೆ ಪಕ್ಕಪಕ್ಕ ಜೋಡಿಸಿದರೆ ಅದು 4 ಓಮ್ ಆಗುತ್ತದೆ; ಯಂತ್ರದ ಮೇಲೆ ಹೊರೆ ಇಮ್ಮಡಿ, ಶಾಖವೂ ಹೆಚ್ಚು. 4 ಓಮ್ ತಡೆಯುತ್ತದೆಂದು ಯಂತ್ರದ ಮೇಲೆ ಬರೆದಿರದಿದ್ದರೆ ಹಾಗೆ ಮಾಡಬೇಡಿ.

ಅಂಗಡಿಯಲ್ಲೇ ಅರ್ಧ ಗಂಟೆ ಮಧ್ಯಮ ಶಬ್ದದಲ್ಲಿ ಹಾಡಿಸಿ, ಪ್ಲಗ್ ತೆಗೆಸಿ, ಹೊರಮೈಯನ್ನು ಮುಟ್ಟಿ ನೋಡಿ. ಅಂಗೈ ಇಟ್ಟಿರಲಾಗದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಅಂಗಡಿಯಲ್ಲಿ ಫ್ಯಾನ್ ಉಂಟು, ಕೆಲವು ಕಡೆ ಏಸಿಯೂ ಉಂಟು. ನಿಮ್ಮ ಮನೆಯಲ್ಲಿ ಅದು ಇನ್ನೂ ಬಿಸಿಯಾಗುತ್ತದೆ.

ಮನೆಗೆ ತಂದ ಮೇಲೆ ಮೇಲೂ ಪಕ್ಕಗಳಲ್ಲೂ ನಾಲ್ಕು ಅಂಗುಲ ಜಾಗ ಬಿಡಿ. ಬಟ್ಟೆ ಹೊದಿಸಬೇಡಿ, ಮೇಲೆ ಟೀವಿಯ ಪೆಟ್ಟಿಗೆ ಇಡಬೇಡಿ, ಅಡಿಗೆ ಒಲೆಯ ಬಳಿ ಬೇಡ. ತಿಂಗಳಿಗೊಮ್ಮೆ ಪ್ಲಗ್ ತೆಗೆದು ಧೂಳು ಒರೆಸಿ. ಫ್ಯೂಸ್ ಹೋದರೆ ಅದೇ ಅಳತೆಯ ಫ್ಯೂಸ್ ಹಾಕಿ. ತಂತಿ ಸುತ್ತುವುದು ಬೆಂಕಿಗೆ ಕರೆಯೋಲೆ. ಮಲಗುವ ಮುನ್ನ ಗೋಡೆಯ ಸ್ವಿಚ್ಚನ್ನೇ ಆರಿಸಿ.

ಬಂಧುಗಳೇ, ದಿನವಿಡೀ ಒಲೆಯ ಮುಂದೆ ಬೆಂದು ಮನೆಗೆ ಬಂದವನು ಎರಡು ಕನ್ನಡ ಹಾಡು ಕೇಳಬಯಸುವುದು ದುಂದುಗಾರಿಕೆಯಲ್ಲ. ಆದರೆ ನಮ್ಮಲ್ಲಿ ಬಹುಮಂದಿಗೆ ಹಾಡು ಕೇಳುವ ಕೋಣೆಯೂ ಮಕ್ಕಳು ಮಲಗುವ ಕೋಣೆಯೂ ಒಂದೇ. ಮನೆಯಲ್ಲಿ ಈಗಾಗಲೇ ಪೆಟ್ಟಿಗೆ ಇರುವವರು ಇಂದು ಹೋದ ಕೂಡಲೇ ಅದರ ಮೇಲಿನ ಬಟ್ಟೆಯನ್ನು ತೆಗೆಯಿರಿ. ಆಮೇಲೆ ಹಾಡು ಹಾಕಿ.