ಕೈ ಕಿವಿಯ ಮಾತು ಕೇಳಿದಾಗ



ಇಂಗ್ಲಿಷ್ ಮನೆಮಾತಿನವರೂ ‘ಅವರ’ ಎಂಬ ‘ದೇರ್’ ಬದಲು ‘ಅಲ್ಲಿ’ ಎಂಬ ‘ದೇರ್’ ಬರೆದುಬಿಡುತ್ತಾರೆ. ಇದು ಅಜ್ಞಾನವಲ್ಲ. ಅಕ್ಷರಕ್ಕೆ ಮೊದಲೇ ಅವರು ಆ ಮಾತನ್ನು ಕೇಳಿ ಕಲಿತವರು. ಅವಸರದಲ್ಲಿ ಕೈ ಕಿವಿಯ ಮಾತು ಕೇಳುತ್ತದೆ. ಮೇಲಾಗಿ, ಇಂಗ್ಲಿಷಿನ ಉಚ್ಚಾರ ಬದಲಾದರೂ ಸ್ಪೆಲ್ಲಿಂಗ್ ಹಳೆಯದೇ ಉಳಿಯಿತು. ರಾತ್ರಿಯೂ ‘ನೈಟ್’, ಕುದುರೆಯೇರಿದ ವೀರನೂ ‘ನೈಟ್’. ವೀರನ ಮೊದಲಕ್ಷರ ‘ಕೆ’ ಹಿಂದೆ ಬಾಯಲ್ಲಿತ್ತು, ಈಗ ಬರಹದಲ್ಲಷ್ಟೇ ಇದೆ.

ಈ ಶಾಲೆಯಲ್ಲಿ ನಾನು ಆ ಪದಗಳನ್ನು ಕಪ್ಪುಹಲಗೆಯ ಮೇಲೆ ನೋಡಿ ಕಲಿತೆ. ಅವು ನನಗೆ ಮೊದಲಿನಿಂದಲೂ ಬೇರೆಬೇರೆ. ಆದರೆ ಆಡುಮಾತಿನಲ್ಲಿ ‘ಹ’ಕಾರ ಬಿಡುವ ನಮ್ಮ ಮಕ್ಕಳು ‘ಹಕ್ಕಿ’ಯನ್ನು ‘ಅಕ್ಕಿ’ ಎಂದು ಬರೆಯುವುದುಂಟು. ಕಾರಣ ಅದೇ.

ಮಕ್ಕಳೇ, ಕನ್ನಡ ಮಾಧ್ಯಮದವರೆಂದು ಇಂಗ್ಲಿಷ್ ಬರೆಯಲು ಅಂಜಬೇಡಿ. ಬರೆಯಿರಿ, ಬರೆದದ್ದನ್ನು ಮತ್ತೊಮ್ಮೆ ಓದಿರಿ.