ಕರದಂಟಿನೊಳಗಿನ ದ್ರಾಕ್ಷಿ



ಗೋಕಾಕದ ಕರದಂಟನ್ನು ಬಾಯಿಗಿಟ್ಟವರು ಬೆಲ್ಲವನ್ನು ಹೊಗಳುತ್ತಾರೆ, ಕೊಬ್ಬರಿಯನ್ನು, ಕರಿದ ಅಂಟನ್ನು ಹೊಗಳುತ್ತಾರೆ. ನಡುವೆ ಮೆತ್ತಗೆ ಹಲ್ಲಿಗೆ ಸಿಗುವ ಒಣದ್ರಾಕ್ಷಿಯ ಊರು ಯಾವುದೆಂದು ಯಾರೂ ಕೇಳುವುದಿಲ್ಲ. ಹುಕ್ಕೇರಿ, ಮೂಡಲಗಿಯ ಮನೆಗಳಲ್ಲಿ ಹಬ್ಬದ ಪಾಯಸಕ್ಕೂ ಬಾಣಂತಿಯ ಅಂಟಿನುಂಡೆಗೂ ಅದು ಬೇಕು. ಆದರೆ ಸುತ್ತಲಿನ ಹೊಲಗಳಲ್ಲಿ ಕಾಣುವುದು ಬಹುಮಟ್ಟಿಗೆ ಕಬ್ಬು.

ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ನಿಂತು, ಕಾಲುವೆಗಳಾಗಿ ಗೋಕಾಕ, ಮೂಡಲಗಿಯ ಕಪ್ಪುನೆಲಕ್ಕೆ ಇಳಿಯುತ್ತದೆ. ಆ ನೀರು ಕಬ್ಬನ್ನು ಬೆಳೆಸಿತು. ದ್ರಾಕ್ಷಿಯ ಸ್ವಭಾವ ಬೇರೆ. ನೀರು ನಿಂತ ಜಿಗುಟು ಮಣ್ಣಿನಲ್ಲಿ ಅದರ ಬೇರಿಗೆ ಉಸಿರಿಲ್ಲ. ಎಲೆ ತೊಯ್ದೇ ಇದ್ದರೆ ಬೂಜುತುಪ್ಪಟ ರೋಗ ತಪ್ಪಿದ್ದಲ್ಲ. ಆದುದರಿಂದಲೇ ಅದು ಅಥಣಿ ಮತ್ತು ವಿಜಯಪುರದ ಒಣಸೀಮೆಯನ್ನು ಆರಿಸಿಕೊಂಡಿದೆ.

ಶೀತದೇಶಗಳಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ಇಲ್ಲಿ ಆ ನಿದ್ರೆಯಿಲ್ಲ. ಹೀಗಾಗಿ ರೈತನ ಕತ್ತರಿಯೇ ಋತುವನ್ನು ಮಾಡಬೇಕು. ಏಪ್ರಿಲ್ ಸುಮಾರಿಗೆ ಒಂದು ಚಾಟ್ನಿ, ಅಕ್ಟೋಬರ್ ಸುಮಾರಿಗೆ ಇನ್ನೊಂದು. ಮೊದಲನೆಯದು ಕಡ್ಡಿಗಾಗಿ, ಎರಡನೆಯದು ಹಣ್ಣಿಗಾಗಿ. ವಿಚಿತ್ರವೆಂದರೆ, ಬರುವ ಬೇಸಿಗೆಯ ಗೊನೆ ಏಪ್ರಿಲ್ ಚಾಟ್ನಿಯ ನಂತರದ ಎರಡು ತಿಂಗಳಲ್ಲೇ ಮೊಗ್ಗಿನೊಳಗೆ ನಿಶ್ಚಯವಾಗಿಬಿಡುತ್ತದೆ. ಆಗ ಮೋಡ ಕವಿದು ಬಿಸಿಲು ಕಡಿಮೆಯಾದರೆ ಗೊನೆಗಳ ಸಂಖ್ಯೆ ಇಳಿಯುತ್ತದೆ. ಅಕ್ಟೋಬರಿನಲ್ಲಿ ಎಷ್ಟು ಗೊಬ್ಬರ ಸುರಿದರೂ ಆ ನಷ್ಟ ತುಂಬುವುದಿಲ್ಲ.

ಎರಡನೆಯ ಚಾಟ್ನಿಯ ಬಳಿಕ ಕಣ್ಣುಗಳು ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಹಚ್ಚುವ ರೂಢಿಯಿದೆ. ಅದು ಚರ್ಮದ ಮೂಲಕವೂ ದೇಹ ಸೇರುತ್ತದೆ. ಆ ದಿನಗಳಲ್ಲಿ ಮದ್ಯ ಕುಡಿದ ಕೂಲಿಕಾರನ ಜೀವಕ್ಕೇ ಕುತ್ತು ಬರಬಹುದು. ಡಬ್ಬಿಯ ಮೇಲೆ ಬರೆದಿರುವ ಎಚ್ಚರಿಕೆಯನ್ನು ಅವನಿಗೆ ಓದಿ ಹೇಳಬೇಕಾದವರು ಯಾರು?

ಕೊಯ್ದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಅಟ್ಟಣಿಗೆಗಳ ಮೇಲೆ ಸುಮಾರು ಎರಡು ವಾರ ಒಣಗಿಸುತ್ತಾರೆ. ನಾಲ್ಕು ಕಿಲೋ ಹಣ್ಣು ಒಂದು ಕಿಲೋಗೆ ಇಳಿಯುತ್ತದೆ. ನಡುವೆ ಒಂದು ಅಕಾಲ ಮಳೆ ಬಿದ್ದರೆ ಕಾಯಿ ಕಪ್ಪಾಗಿ, ದರ ಕುಸಿಯುತ್ತದೆ. ಪೇಟೆಗೆ ಬೇಕಾದುದು ಹಸಿರು-ಹಳದಿ ಹೊಳಪು. ಅದಕ್ಕಾಗಿ ಗಂಧಕದ ಹೊಗೆ ಕೊಡುವುದೂ ಉಂಟು. ಕಂದು ಒಣದ್ರಾಕ್ಷಿಯನ್ನು ಕೇಳಿ ಕೊಳ್ಳುವವರಿದ್ದರೆ ಆ ಹೊಗೆ ಬೇಕಿಲ್ಲ. ಕರದಂಟಿನ ಬೆಲ್ಲದಲ್ಲಿ ಬೆರೆತ ಮೇಲೆ ಹೇಗೂ ಎಲ್ಲವೂ ಕಂದೇ.